ಕಣ್ಣನ್ನು ನಂಬಬೇಡಿ, ಕೋನವನ್ನು ಕೇಳಿ: ಸಮಾಂತರ ಬಾಹುಗಳಿಗೆ ಹದಿನೈದು ಸೂತ್ರಗಳು

ಹತ್ತನೇ ತರಗತಿಯ ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ನನ್ನ ಕೆಂಪು ಪೆನ್ನು ಪದೇ ಪದೇ ನಿಲ್ಲುವುದು ಒಂದೇ ಸಾಲಿನ ಮೇಲೆ: ‘ಚಿತ್ರದಲ್ಲಿ ಕಾಣುವಂತೆ ಈ ಎರಡು ಬಾಹುಗಳು ಸಮಾಂತರ’. ಮುಂದಿನ ಲೆಕ್ಕ ಸರಿ, ಉತ್ತರ ಸರಿ, ಅಕ್ಷರ ಮುತ್ತು ಪೋಣಿಸಿದಂತೆ. ಆದರೆ ಕಾರಣ ಕೊಡಬೇಕಾದ ಕಡೆ ಕಣ್ಣನ್ನು ಸಾಕ್ಷಿಗೆ ಕರೆದಿದ್ದಾರೆ. ಜ್ಯಾಮಿತಿಯ ಕಟಕಟೆಯಲ್ಲಿ ಆ ಸಾಕ್ಷಿ ನಡೆಯುವುದಿಲ್ಲ. ಅಂಕ ಹೋಯಿತು.

ಸಮಾಂತರ ಅನ್ನುವುದು ದಿಕ್ಕಿನ ಮಾತು. ಎರಡು ಬಾಹುಗಳ ದಿಕ್ಕು ಒಂದೇ ಎಂದು ತೋರಿಸಿದರೆ ಕೆಲಸ ಮುಗಿಯಿತು. ಅವುಗಳ ಉದ್ದ ಎಷ್ಟು, ಕಾಗದದ ಮೇಲೆ ಎಷ್ಟು ಚಂದ ಕೂತಿವೆ, ಇವು ಯಾವುವೂ ಲೆಕ್ಕಕ್ಕಿಲ್ಲ. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ, ಅವರ ಜೊತೆ ರಾತ್ರಿ ಹೋಂವರ್ಕಿಗೆ ಕೂರುವ ಅಪ್ಪ-ಅಮ್ಮಂದಿರಿಗೆ, ಟೇಪು ಹಿಡಿದು ಸೈಟು ಅಳೆಯಲು ಹೊರಟವರಿಗೂ ಆಗುವಂತೆ ಈ ಸೂತ್ರಗಳನ್ನು ಬರೆದಿದ್ದೇನೆ. ಚತುರ್ಭುಜದ ಮೂಲೆಗಳಿಗೆ ಸುತ್ತುವರಿದು ಕ, ಖ, ಗ, ಘ ಎಂದು ಹೆಸರಿಟ್ಟಿದ್ದೇನೆ. ಪಕ್ಕದಲ್ಲೊಂದು ಕಾಗದ, ಪೆನ್ಸಿಲು ಇರಲಿ.

1. ನೆರೆಹೊರೆಯವರನ್ನು ಮೊದಲೇ ಕೈಬಿಡಿ

ಅಕ್ಕಪಕ್ಕದ ಎರಡು ಬಾಹುಗಳು ಒಂದು ಮೂಲೆಯಲ್ಲಿ ಸೇರಿಯೇ ಇರುತ್ತವೆ. ಸೇರಿದವು ಸಮಾಂತರ ಆಗುವುದು ಹೇಗೆ? ತ್ರಿಭುಜದಲ್ಲಿ ಯಾವ ಎರಡು ಬಾಹು ತೆಗೆದುಕೊಂಡರೂ ಅವು ನೆರೆಯವೇ. ಹಾಗಾಗಿ ಅಲ್ಲಿ ಸಮಾಂತರ ಬಾಹು ಸೊನ್ನೆ. ಇದಕ್ಕೆ ಬೇರೆ ಸಾಧನೆ ಬೇಕಿಲ್ಲ.

ನಾಲ್ಕಕ್ಕಿಂತ ಹೆಚ್ಚು ಬಾಹು ಇದ್ದಾಗ ಈ ಸೂತ್ರದ ಬೆಲೆ ಗೊತ್ತಾಗುತ್ತದೆ. ಒಂದು ಬಾಹುವಿಗೆ ಅದನ್ನೂ ಅದರ ಇಬ್ಬರು ನೆರೆಯವರನ್ನೂ ಬಿಟ್ಟರೆ ಉಳಿದವಷ್ಟೇ ಉಮೇದುವಾರರು. ಒಟ್ಟು ಬಾಹುಗಳ ಸಂಖ್ಯೆಯಿಂದ 3 ಕಳೆಯಿರಿ, ಬಾಹುಗಳ ಸಂಖ್ಯೆಯಿಂದ ಗುಣಿಸಿ, ಅರ್ಧ ಮಾಡಿ. ಚತುರ್ಭುಜಕ್ಕೆ 2 ಜೋಡಿ, ಪಂಚಭುಜಕ್ಕೆ 5, ಷಡ್ಭುಜಕ್ಕೆ 9, ಅಷ್ಟಭುಜಕ್ಕೆ 20. ಈ ಲೆಕ್ಕ ಎಲ್ಲೋ ನೋಡಿದಂತಿದೆಯಲ್ಲ? ಕರ್ಣಗಳ ಸಂಖ್ಯೆ ಹುಡುಕುವ ಸೂತ್ರವೂ ಇದೇ. ಒಂದನ್ನು ಕಲಿತರೆ ಎರಡು ಬಂದಂತೆ.

2. ‘ಸಮ’ ಎಂಬ ಎರಡಕ್ಷರಕ್ಕೆ ಮೋಸಹೋಗಬೇಡಿ

ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ನಿಜವಾದ ಗುಂಡಿ. ಸಮಾಂತರ ಅಂದರೆ ಸಮ ಅಂತರ. ಎರಡು ರೇಖೆಗಳ ನಡುವಿನ ಅಂತರ ಎಲ್ಲಿ ಅಳೆದರೂ ಒಂದೇ ಎಂದರ್ಥ. ಬಾಹುಗಳ ಉದ್ದ ಸಮ ಎಂದಲ್ಲ. ಆದರೆ ಕಿವಿಗೆ ‘ಸಮ’ ಬಿದ್ದ ಕೂಡಲೇ ಕೈ ‘ಕಖ = ಗಘ’ ಎಂದು ಬರೆದುಬಿಡುತ್ತದೆ.

ಗಾಳಿಪಟದ ಆಕೃತಿ ನೋಡಿ. ಎರಡೆರಡು ಬಾಹು ಸಮ, ಒಂದೂ ಸಮಾಂತರವಲ್ಲ. ಸಮದ್ವಿಬಾಹು ತ್ರಾಪಿಜ್ಯ ಇನ್ನೂ ತುಂಟ: ಅಲ್ಲಿ ಸಮವಾಗಿರುವ ಜೋಡಿ ಸಮಾಂತರವಲ್ಲ, ಸಮಾಂತರವಾಗಿರುವ ಜೋಡಿ ಸಮವಲ್ಲ.

ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ಮಳಖೇಡದಲ್ಲಿ ಆಳುತ್ತಿದ್ದಾಗ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಚತುರ್ಭುಜಗಳಿಗೆ ಐದು ಜಾತಿ: ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮ. ಎಲ್ಲ ಹೆಸರೂ ಉದ್ದದ ಮೇಲೆಯೇ. ಇಂದಿನ ಪಠ್ಯಪುಸ್ತಕದಲ್ಲಿ ವಿಂಗಡಣೆ ನಡೆಯುವುದು ಮುಖ್ಯವಾಗಿ ಸಮಾಂತರದ ಮೇಲೆ. ಎರಡು ಬೇರೆ ಬೇರೆ ಜರಡಿ. ಯಾವ ಜರಡಿ ಹಿಡಿದಿದ್ದೀರಿ ಎಂಬುದು ನೆನಪಿರಲಿ.

ಚಿತ್ರದಲ್ಲಿ ಗುರುತು ಹಾಕುವಾಗಲೂ ಅಷ್ಟೆ. ಸಮ ಬಾಹುವಿಗೆ ಅಡ್ಡಗೀಟು, ಸಮಾಂತರ ಬಾಹುವಿಗೆ ಬಾಣದ ತಲೆ. ಅವಸರದಲ್ಲಿ ಅಡ್ಡಗೀಟೇ ಹಾಕಿದರೆ ಹತ್ತು ನಿಮಿಷದ ನಂತರ ನೀವೇ ಅದನ್ನು ತಪ್ಪಾಗಿ ಓದುತ್ತೀರಿ.

3. ಏಣಿಯ ಮೆಟ್ಟಿಲು ಯಾವುದು, ಕಾಲು ಯಾವುದು?

ಕಖಗಘ ಚತುರ್ಭುಜದಲ್ಲಿ ಕ ಕೋನ 70°, ಖ 110°, ಗ 85°, ಘ 95°. ಯಾವ ಬಾಹುಗಳು ಸಮಾಂತರ?

ನನ್ನ ಪಡಸಾಲೆಯಲ್ಲಿ ಕೂರುವ ಹತ್ತು ಮಕ್ಕಳಲ್ಲಿ ಏಳು ಜನ 70 ಮತ್ತು 110 ಕೂಡಿಸಿ 180 ಬಂತು ಎಂದು ಖುಷಿಪಟ್ಟು ‘ಕಖ ಮತ್ತು ಗಘ ಸಮಾಂತರ’ ಎಂದು ಬರೆಯುತ್ತಾರೆ. ಕೂಡಿಸಿದ್ದು ಸರಿ, ಜೋಡಿ ತಪ್ಪು. ಕ ಮತ್ತು ಖ ಎರಡೂ ಕಖ ಎಂಬ ಬಾಹುವಿನ ಎರಡು ತುದಿಗಳು. ಹಾಗಾಗಿ ಕಖ ಇಲ್ಲಿ ಛೇದಕ ರೇಖೆ. ಏಣಿಯನ್ನು ನೆನೆಸಿಕೊಳ್ಳಿ: ಕಖ ಅದರ ಮೆಟ್ಟಿಲು, ಕಘ ಮತ್ತು ಖಗ ಅದರ ಎರಡು ಕಾಲು. ಸಮಾಂತರ ಆಗಿರುವುದು ಕಾಲುಗಳು. ಉತ್ತರ: ಕಘ ಮತ್ತು ಖಗ.

ಇನ್ನೊಂದು ಜೋಡಿಯನ್ನೂ ಹಾಗೇ ಬಿಡಬೇಡಿ. ಖ ಮತ್ತು ಗ ಕೂಡಿಸಿದರೆ 195°. 180 ಅಲ್ಲ. ಆದ್ದರಿಂದ ಕಖ, ಗಘ ಸಮಾಂತರವಲ್ಲ. ಇದು ತ್ರಾಪಿಜ್ಯವೇ ಹೊರತು ಸಮಾಂತರ ಚತುರ್ಭುಜವಲ್ಲ. ಈ ಎರಡನೇ ಸಾಲು ಬರೆದವರಿಗೆ ಪೂರ್ತಿ ಅಂಕ.

4. ಎದುರು ಕೋನ ಕೂಡಿಸಿ 180 ಬಂದರೆ ಹಿಗ್ಗಬೇಡಿ

ಅದು ಚಕ್ರೀಯ ಚತುರ್ಭುಜದ ಲಕ್ಷಣ. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲಿವೆ ಎಂದಷ್ಟೇ ಅದು ಹೇಳುತ್ತದೆ. ಸಮಾಂತರಕ್ಕೆ ಬೇಕಾದ್ದು ಪಕ್ಕದ ಕೋನಗಳ ಮೊತ್ತ.

5. ನಿಮ್ಮ ಪುಸ್ತಕದ ವ್ಯಾಖ್ಯೆಗೆ ಬದ್ಧರಾಗಿ

ಒಂದು ಜೋಡಿ ಎದುರು ಬಾಹು ಸಮಾಂತರವಿದ್ದರೆ ತ್ರಾಪಿಜ್ಯ, ಎರಡೂ ಜೋಡಿ ಇದ್ದರೆ ಸಮಾಂತರ ಚತುರ್ಭುಜ. ಆಯತ, ವಜ್ರಾಕೃತಿ, ಚೌಕ ಎಲ್ಲವೂ ಸಮಾಂತರ ಚತುರ್ಭುಜದ ಮನೆಯವೇ. ಆಯತಕ್ಕೆ ಕೋನದ ಶಿಸ್ತು, ವಜ್ರಾಕೃತಿಗೆ ಉದ್ದದ ಶಿಸ್ತು, ಚೌಕಕ್ಕೆ ಎರಡೂ.

ಜಗಳ ಬರುವುದು ‘ಒಂದು ಜೋಡಿ’ ಎಂಬ ಮಾತಿಗೆ. ಒಂದೇ ಒಂದು ಜೋಡಿಯೋ, ಕನಿಷ್ಠ ಒಂದು ಜೋಡಿಯೋ? ಕನಿಷ್ಠ ಒಂದು ಎಂದರೆ ಸಮಾಂತರ ಚತುರ್ಭುಜವೂ ತ್ರಾಪಿಜ್ಯವೇ ಆಗುತ್ತದೆ. ಎರಡೂ ಪದ್ಧತಿ ಜಗತ್ತಿನಲ್ಲಿವೆ. ಅಂತರ್ಜಾಲದಲ್ಲಿ ಅಮೆರಿಕದ ವಿಡಿಯೊ ನೋಡುವವರು ಇನ್ನೂ ಹುಷಾರಾಗಿರಬೇಕು: ನಾವು ಟ್ರೆಪಿಜಿಯಂ ಎನ್ನುವುದನ್ನು ಅವರು ಟ್ರೆಪಿಜಾಯ್ಡ್ ಎನ್ನುತ್ತಾರೆ, ಅವರ ಟ್ರೆಪಿಜಿಯಂನಲ್ಲಿ ಸಮಾಂತರ ಬಾಹುವೇ ಇರುವುದಿಲ್ಲ. ಪರೀಕ್ಷೆಗೆ ನಿಮ್ಮ ಪಠ್ಯಪುಸ್ತಕ ಏನು ಹೇಳುತ್ತದೋ ಅದೇ ವೇದ.

6. ಒಂದೇ ಜೋಡಿಗೆ ಎರಡೂ ಗುಣ ಸಿಕ್ಕರೆ ಅಲ್ಲೇ ನಿಲ್ಲಿಸಿ

ಒಂದು ಜೋಡಿ ಎದುರು ಬಾಹು ಸಮವೂ ಹೌದು, ಸಮಾಂತರವೂ ಹೌದು ಎಂದು ಗೊತ್ತಾದರೆ ಸಾಕು, ಅದು ಸಮಾಂತರ ಚತುರ್ಭುಜ. ಯೂಕ್ಲಿಡ್ ತನ್ನ ಮೊದಲ ಪುಸ್ತಕದ 33ನೇ ಪ್ರಮೇಯದಲ್ಲೇ ಇದನ್ನು ಸಾಧಿಸಿದ್ದಾನೆ. ಮಕ್ಕಳು ಇಷ್ಟು ಸಿಕ್ಕ ಮೇಲೂ ಇನ್ನೊಂದು ಜೋಡಿಗೆ ಅರ್ಧ ಪುಟ ಸುರಿಯುತ್ತಾರೆ. ಬೇಡ.

ಆದರೆ ಒಂದು ಜೋಡಿ ಸಮಾಂತರ, *ಇನ್ನೊಂದು* ಜೋಡಿ ಸಮ ಎಂದು ಕೊಟ್ಟಿದ್ದರೆ ಪೆನ್ನು ಎತ್ತಿಡಿ. ಅದು ಸಮದ್ವಿಬಾಹು ತ್ರಾಪಿಜ್ಯವೂ ಆಗಿರಬಹುದು.

7. ಆಕೃತಿಯ ಅಂಚಿನ ಮೇಲೆ ನಡೆದು ನೋಡಿ

ನಿಯಮಿತ ಬಹುಭುಜಾಕೃತಿಗಳ ಪ್ರಶ್ನೆಗೆ ಬಾಯಿಪಾಠ ಬೇಕಿಲ್ಲ, ನಡೆಯಲು ಬಂದರೆ ಸಾಕು. ಅಂಗಳದಲ್ಲಿ ದೊಡ್ಡದಾಗಿ ಒಂದು ಷಡ್ಭುಜ ಎಳೆದು ಅದರ ಅಂಚಿನ ಮೇಲೆ ನಡೆಯುತ್ತಿದ್ದೀರಿ ಎಂದುಕೊಳ್ಳಿ. ಪ್ರತಿ ಮೂಲೆಯಲ್ಲೂ ಒಂದಿಷ್ಟು ತಿರುಗಬೇಕು. ಪೂರ್ತಿ ಸುತ್ತು ಮುಗಿದಾಗ ಒಟ್ಟು 360° ತಿರುಗಿರುತ್ತೀರಿ. ಷಡ್ಭುಜದಲ್ಲಿ ಆರು ಮೂಲೆ, ಒಂದೊಂದರಲ್ಲಿ 60°. ಮೂರು ಮೂಲೆ ದಾಟಿದಾಗ 60, 120, 180. ಅಂದರೆ ಹೊರಟ ದಿಕ್ಕಿಗೆ ಸರಿಯಾಗಿ ಬೆನ್ನು ಹಾಕಿ ನಡೆಯುತ್ತಿದ್ದೀರಿ. ಹೊರಟ ಬಾಹು, ಈಗಿನ ಬಾಹು ಸಮಾಂತರ. ಇಂಥವು ಮೂರು ಜೋಡಿ.

ಪಂಚಭುಜದಲ್ಲಿ ಒಂದು ಮೂಲೆಗೆ 72°. 72, 144, 216. 180 ಬರಲೇ ಇಲ್ಲ, ಹಾರಿಹೋಯಿತು. ಸಮಾಂತರ ಬಾಹು ಒಂದೂ ಇಲ್ಲ. ಸಮಸಂಖ್ಯೆಯ ಬಾಹು ಇದ್ದರೆ ಅರ್ಧ ದಾರಿಯಲ್ಲಿ 180 ಸಿಕ್ಕೇ ಸಿಗುತ್ತದೆ. ಬೆಸಸಂಖ್ಯೆ ಆದರೆ ಎಂದೂ ಸಿಗುವುದಿಲ್ಲ. ಹತ್ತು ಬಾಹುವಿಗೆ ಐದು ಜೋಡಿ, ಹನ್ನೆರಡಕ್ಕೆ ಆರು, ಹದಿನೈದಕ್ಕೆ ಸೊನ್ನೆ.

ಜೇಬಲ್ಲಿ 20 ರೂಪಾಯಿ ನಾಣ್ಯ ಇದ್ದರೆ ತೆಗೆಯಿರಿ. ಅದಕ್ಕೆ 12 ಅಂಚು. ಮೇಜಿನ ಮೇಲೆ ಒಂದು ಅಂಚಿನ ಮೇಲೆ ನಿಲ್ಲಿಸಿ ಹಿಡಿದರೆ ತಲೆಯ ಮೇಲೂ ಒಂದು ಅಂಚು ಮಟ್ಟಸವಾಗಿ ಕೂತಿರುತ್ತದೆ. ಈಗ ದೇವರ ಮನೆಯ ಡಬ್ಬಿಯಲ್ಲೋ ಅಜ್ಜಿಯ ಸಂಚಿಯಲ್ಲೋ 1990ರ ದಶಕದ, ಭಾರತದ ನಕ್ಷೆ ಇರುವ ಬಿಳಿ 2 ರೂಪಾಯಿ ನಾಣ್ಯ ಹುಡುಕಿ. ಅದಕ್ಕೆ 11 ಅಂಚು. ಅದೇ ರೀತಿ ನಿಲ್ಲಿಸಿದರೆ ತಲೆಯ ಮೇಲೆ ಬರುವುದು ಅಂಚಲ್ಲ, ಮೂಲೆ. ಒಂದು ತಿರುವಿಗೆ ಸುಮಾರು 32.7°; ಐದು ತಿರುವಿಗೆ 163.6, ಆರಕ್ಕೆ 196.4. ಎರಡರ ನಡುವೆ 180 ತಪ್ಪಿಸಿಕೊಂಡಿತು. ಮಕ್ಕಳ ಕೈಗೆ ಈ ಎರಡು ನಾಣ್ಯ ಕೊಟ್ಟ ದಿನ ನಾನು ಕರಿಹಲಗೆ ಮುಟ್ಟಲೇ ಇಲ್ಲ. ಹಳೆಯ ಅಲ್ಯೂಮಿನಿಯಮ್ಮಿನ 20 ಪೈಸೆ ಸಿಕ್ಕರೆ ಅದೂ ಇರಲಿ, ಆರು ಅಂಚಿನದು.

8. ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ಹತ್ತು ನಿಮಿಷ ಕೂರಿ

‘ಹತ್ತರದ್ದು ಕೊಡೋ, ಹದಿಮೂರರದ್ದಲ್ಲ’ ಎಂದು ಮೇಸ್ತ್ರಿ ಹುಡುಗನಿಗೆ ಕೂಗುತ್ತಾನಲ್ಲ, ಆ ಹತ್ತು ಯಾವುದರ ಅಳತೆ? ನಟ್ಟಿನ ಎರಡು ಸಮಾಂತರ ಮುಖಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ. ಸ್ಪ್ಯಾನರಿನ ಬಾಯಿ ಹಿಡಿಯುವುದು ಆ ಒಂದು ಜೋಡಿಯನ್ನು. ಆರು ಮುಖದ ನಟ್ಟಿಗೆ ಇಂಥ ಮೂರು ಜೋಡಿ ಇರುವುದರಿಂದ 60° ತಿರುಗಿಸಿದರೆ ಮತ್ತೆ ಹೊಸ ಹಿಡಿತ ಸಿಗುತ್ತದೆ. ನಾಲ್ಕು ಮುಖದ ನಟ್ಟಿಗೆ 90° ಬೇಕು. ಎಂಜಿನ್ನಿನ ಸಂದಿಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಹತ್ತೂ ಕಡೆ ಸವೆದು ಉರುಟಾದ ನಟ್ಟಿನ ಮೇಲೆ ಸ್ಪ್ಯಾನರು ಜಾರುವುದು ಮುಖಗಳ ಸಮಾಂತರ ಕೆಟ್ಟಿರುವುದರಿಂದ.

ಅಮೆರಿಕದ ಊರುಗಳಲ್ಲಿ ಬೆಂಕಿ ಆರಿಸಲು ಬೀದಿಬದಿಯಲ್ಲಿಟ್ಟಿರುವ ನೀರಿನ ಕಂಬಗಳಿಗೆ ಸಾಮಾನ್ಯವಾಗಿ ಐದು ಮುಖದ ನಟ್ಟು ಹಾಕಿರುತ್ತಾರೆ. ಐದರಲ್ಲಿ ಸಮಾಂತರ ಜೋಡಿ ಇಲ್ಲ. ದಾರಿಹೋಕರ ಸ್ಪ್ಯಾನರಿಗೆ ಅದು ಬಗ್ಗುವುದಿಲ್ಲ. ಸೂತ್ರ 7ನ್ನು ಬೀಗ ಮಾಡಿಟ್ಟಿದ್ದಾರೆ.

9. ನಿಯಮಿತಕ್ಕೆ ಕಲಿತದ್ದನ್ನು ಎಲ್ಲದಕ್ಕೂ ಅಂಟಿಸಬೇಡಿ

‘ಪಂಚಭುಜದಲ್ಲಿ ಸಮಾಂತರ ಬಾಹುಗಳಿಲ್ಲ’ ಎಂದು ಬರೆದರೆ ತಪ್ಪು. *ನಿಯಮಿತ* ಪಂಚಭುಜದಲ್ಲಿ ಇಲ್ಲ. ಒಂದು ಪೋಸ್ಟ್ ಕಾರ್ಡಿನ ಒಂದು ಮೂಲೆ ಕತ್ತರಿಸಿ. ಉಳಿದದ್ದು ಪಂಚಭುಜ, ಅದರಲ್ಲಿ ಎರಡು ಜೋಡಿ ಸಮಾಂತರ ಬಾಹು ಹಾಗೇ ಉಳಿದಿವೆ. ಪಂಚಭುಜಕ್ಕೆ ಅದೇ ಗರಿಷ್ಠ. ಪೀನ ಆಕೃತಿಯಲ್ಲಿ, ಅಂದರೆ ಎಲ್ಲೂ ಒಳಕ್ಕೆ ತಗ್ಗದ ಆಕೃತಿಯಲ್ಲಿ, ಒಂದು ದಿಕ್ಕಿಗೆ ಎರಡಕ್ಕಿಂತ ಹೆಚ್ಚು ಬಾಹು ಇರುವಂತಿಲ್ಲ. ನಡೆಯುವಾಗ ಆ ದಿಕ್ಕಿಗೆ ಒಮ್ಮೆ ಮುಖ, ಒಮ್ಮೆ ಬೆನ್ನು, ಅಷ್ಟೇ.

ಇನ್ನೊಂದು ಪ್ರಯೋಗ ನನಗೆ ತುಂಬ ಇಷ್ಟ. 10 ಸೆಂ.ಮೀ. ಬಾಹುವಿನ ಸಮಬಾಹು ತ್ರಿಭುಜವನ್ನು ಕಾಗದದಲ್ಲಿ ಕತ್ತರಿಸಿ. ಅದರ ಮೂರು ಮೂಲೆಗಳಿಂದ 1, 2, 3 ಸೆಂ.ಮೀ. ಬಾಹುವಿನ ಪುಟ್ಟ ಸಮಬಾಹು ತ್ರಿಭುಜಗಳನ್ನು ತೆಗೆದುಹಾಕಿ. ಉಳಿದ ಷಡ್ಭುಜದ ಬಾಹುಗಳು ಕ್ರಮವಾಗಿ 1, 7, 2, 5, 3, 6. ಎಂಥ ಸೊಟ್ಟ ಆಕೃತಿ! ಆರು ಬಾಹುಗಳಲ್ಲಿ ಎರಡು ಸಹ ಸಮವಿಲ್ಲ. ಆದರೂ ಎಲ್ಲ ಕೋನ 120°, ಆದ್ದರಿಂದ ಎದುರುಬದುರಿನ ಮೂರೂ ಜೋಡಿ ಸಮಾಂತರ. ದಿಕ್ಕು ನಿರ್ಧರಿಸುವುದು ಕೋನ, ಉದ್ದವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನ್ನ ಹತ್ತಿರ ಇಲ್ಲ.

ನೆಲಕ್ಕೆ ಟೈಲ್ಸ್ ಹಾಕಿಸುವವರಿಗೆ ಒಂದು ಮಾತು. ನಿಯಮಿತ ಪಂಚಭುಜದ ಟೈಲ್ಸ್ ಎಷ್ಟು ತಂದರೂ ಸಂದಿ ಬಿಡದೆ ಜೋಡಿಸಲು ಆಗುವುದಿಲ್ಲ. ಆದರೆ ಪೀನ ಪಂಚಭುಜದಲ್ಲಿ ಒಂದು ಜೋಡಿ ಬಾಹು ಸಮಾಂತರವಿದ್ದರೆ ಸಾಕು, ಅದೇ ಅಚ್ಚಿನ ಟೈಲ್ಸಿನಿಂದ ನೆಲವಿಡೀ ತುಂಬಬಹುದು. ನೆಲ ತುಂಬುವ ಪೀನ ಪಂಚಭುಜಗಳಲ್ಲಿ ಈವರೆಗೆ ಸಿಕ್ಕಿರುವುದು 15 ಬಗೆ. ಹದಿನೈದನೆಯದು ಸಿಕ್ಕಿದ್ದು 2015ರಲ್ಲಿ. ಸಮಾಂತರ ಬಾಹುವಿನದು ಆ ಪಟ್ಟಿಯ ಮೊದಲನೆಯದು.

10. ಒಳಕ್ಕೆ ತಗ್ಗಿದ ಆಕೃತಿಯಲ್ಲಿ ಬಣ್ಣದ ಪೆನ್ಸಿಲು ಬಳಸಿ

ಮೂಲೆ ಮನೆಯ ನಕ್ಷೆಯಂತೆ ಆಯತದಿಂದ ಒಂದು ಮೂಲೆಯ ಆಯತ ತೆಗೆದ ಆಕೃತಿ. ಆರು ಬಾಹು: ಮೂರು ಅಡ್ಡ, ಮೂರು ಉದ್ದ. ಅಡ್ಡದವಕ್ಕೆ ಕೆಂಪು, ಉದ್ದದವಕ್ಕೆ ನೀಲಿ ಬಳಿಯಿರಿ. ಕೆಂಪಿನಲ್ಲಿ ಮೂರು ಜೋಡಿ, ನೀಲಿಯಲ್ಲಿ ಮೂರು, ಒಟ್ಟು ಆರು. ನಿಯಮಿತ ಷಡ್ಭುಜಕ್ಕಿಂತ ಎರಡರಷ್ಟು!

ಆಸ್ಪತ್ರೆಯ ಗುರುತಿನಂಥ ಕೂಡುಚಿಹ್ನೆಗೆ 12 ಬಾಹು, ಆರು ಅಡ್ಡ, ಆರು ಉದ್ದ. ಆರರಲ್ಲಿ 15 ಜೋಡಿ, ಒಟ್ಟು 30 ಎಂದು ಬರೆದು ಎದ್ದುಬಿಡಬೇಡಿ. ಎಡತೋಳಿನ ಮೇಲಂಚು, ಬಲತೋಳಿನ ಮೇಲಂಚು ಒಂದೇ ಗೆರೆಯ ಮೇಲಿವೆ. ಒಂದೇ ಗೆರೆಯ ಮೇಲಿನ ಎರಡು ತುಂಡುಗಳ ನಡುವೆ ಅಂತರವೇ ಇಲ್ಲ, ಸಮಾಂತರ ಎಲ್ಲಿಂದ ಬಂತು? ಅಂಥ ನಾಲ್ಕು ಜೋಡಿ ಕಳೆಯಿರಿ: 26. ಪ್ರತಿಭಾ ಪರೀಕ್ಷೆಗಳಿಗೆ ಓದುವವರು ಈ ನಾಲ್ಕನ್ನು ಮರೆಯಬಾರದು.

11. ನಿರ್ದೇಶಾಂಕ ಕೊಟ್ಟರೆ ಭಾಗಿಸಬೇಡಿ, ಅಡ್ಡಗುಣಿಸಿ

ಕ (0, 0), ಖ (6, 2), ಗ (5, 5), ಘ (2, 4). ಕಯಿಂದ ಖಗೆ ಮುಂದಕ್ಕೆ 6, ಮೇಲಕ್ಕೆ 2. ಘಯಿಂದ ಗಗೆ ಮುಂದಕ್ಕೆ 3, ಮೇಲಕ್ಕೆ 1. ಅಡ್ಡಗುಣಿಸಿ: 6 × 1 = 6, 3 × 2 = 6. ಸರಿಹೋಯಿತು, ಕಖ ಮತ್ತು ಘಗ ಸಮಾಂತರ. ಇಳಿಜಾರು ಹುಡುಕಲು ಭಾಗಿಸುವವರು ನೆಟ್ಟಗೆ ನಿಂತ ಬಾಹು ಬಂದಾಗ ಸೊನ್ನೆಯಿಂದ ಭಾಗಿಸಲು ಹೋಗಿ ಸಿಕ್ಕಿಬೀಳುತ್ತಾರೆ. ಅಡ್ಡಗುಣಾಕಾರದಲ್ಲಿ ಆ ತಕರಾರಿಲ್ಲ.

12. ಕರ್ಣಗಳನ್ನೂ ವಿಚಾರಿಸಿ

ಇದೇ ಚತುರ್ಭುಜದಲ್ಲಿ ಕಗ, ಖಘ ಕರ್ಣಗಳನ್ನು ಎಳೆಯಿರಿ. ಎರಡೂ ಕರ್ಣ 2:1 ಅನುಪಾತದಲ್ಲಿ ಕತ್ತರಿಸಿಕೊಳ್ಳುತ್ತವೆ, ಏಕೆಂದರೆ ಕಖ ಬಾಹು ಘಗದ ಎರಡರಷ್ಟು. ತ್ರಾಪಿಜ್ಯದ ಕರ್ಣಗಳು ಯಾವಾಗಲೂ ಒಂದೇ ಅನುಪಾತದಲ್ಲಿ ಭಾಗವಾಗುತ್ತವೆ. ತಿರುಗಾಮುರುಗಾ ಮಾಡಿದರೂ ನಿಜ. ಹತ್ತನೇ ತರಗತಿಯಲ್ಲಿ ಥೇಲ್ಸ್ ಪ್ರಮೇಯದ ನೆರಳಲ್ಲಿ ಬರುವ ಪ್ರಶ್ನೆಗಳಲ್ಲಿ ಇದು ಹಳೆಯ ನೆಂಟ. ‘ಸಮಾಂತರ ಎಂದು ಸಾಧಿಸಿ’ ಎಂದಿದ್ದರೆ ಪ್ರಮೇಯವನ್ನಲ್ಲ, ಅದರ ವಿಲೋಮವನ್ನು ಹೆಸರಿಸಬೇಕು. ಸಮಾಂತರ ಎಂದು ಕೊಟ್ಟು ಅನುಪಾತ ಕೇಳಿದರೆ ಪ್ರಮೇಯ. ಅನುಪಾತ ಕೊಟ್ಟು ಸಮಾಂತರ ಕೇಳಿದರೆ ವಿಲೋಮ.

13. ‘ಮಧ್ಯಬಿಂದು’ ಎಂಬ ಪದ ಕಂಡರೆ ಕರ್ಣ ಎಳೆಯಿರಿ

ಯಾವುದಾದರೂ ಸೊಟ್ಟ ಚತುರ್ಭುಜ ಬರೆದು ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸಿ. ಒಳಗೆ ಸಮಾಂತರ ಚತುರ್ಭುಜ ಎದ್ದು ಕೂರುತ್ತದೆ. ಫ್ರಾನ್ಸಿನ ವರಿಗ್ನಾನ್ ಕಂಡುಕೊಂಡದ್ದು. ಅಚ್ಚಾದದ್ದು ಅವನು ಸತ್ತ ಮೇಲೆ, 1731ರಲ್ಲಿ. ಗುಟ್ಟು ಇಷ್ಟೆ: ಒಂದು ಕರ್ಣ ಎಳೆದರೆ ಎರಡು ತ್ರಿಭುಜ, ಎರಡರಲ್ಲೂ ಮಧ್ಯಬಿಂದು ಪ್ರಮೇಯ. ಒಳಗಿನ ಎರಡು ಬಾಹುಗಳೂ ಆ ಕರ್ಣಕ್ಕೆ ಸಮಾಂತರ, ಅದರ ಅರ್ಧ. ಮುಂದಿನದು ಸೂತ್ರ 6.

14. ಸೈಟು ಅಳೆಯುವಾಗ ನಾಲ್ಕು ಬದಿಗೆ ನಿಲ್ಲಿಸಬೇಡಿ

ಬೆಂಗಳೂರಿನ ಕಡೆ ಸೈಟಿನ ಕ್ರಯಪತ್ರ ಓದಿದವರಿಗೆ ಗೊತ್ತು: ಆಯತವಲ್ಲದ ಸೈಟಿಗೆ ‘(30 + 34) / 2 × 40’ ಎಂಬಂಥ ಬರಹ ಇರುತ್ತದೆ. ಇದು ಅಪ್ಪಟ ತ್ರಾಪಿಜ್ಯದ ಸೂತ್ರ. 1,280 ಚದರ ಅಡಿ. ಆರ್ಯಭಟ 499ರಲ್ಲೇ ಇದನ್ನು ಕೊಟ್ಟಿದ್ದಾನೆ. ಅದಕ್ಕೂ ಹಿಂದೆ ಶುಲ್ಬಸೂತ್ರದವರು ಸೋಮಯಾಗದ ಮಹಾವೇದಿಯನ್ನು ತ್ರಾಪಿಜ್ಯವಾಗಿಯೇ ಕಟ್ಟಿದರು: ಪೂರ್ವದ ಬದಿ 24, ಪಶ್ಚಿಮದ ಬದಿ 30, ನಡುವಿನ ಉದ್ದ 36. ಒಂದು ಪಕ್ಕದ ತೆಳ್ಳನೆಯ ತ್ರಿಭುಜ ಕತ್ತರಿಸಿ ತಿರುಗಿಸಿ ಇನ್ನೊಂದು ಪಕ್ಕಕ್ಕೆ ಕೂರಿಸಿದರೆ 27 × 36ರ ಆಯತ, ವಿಸ್ತೀರ್ಣ 972. ಆಪಸ್ತಂಬ ಶುಲ್ಬದಲ್ಲಿ ಈ ಸಾಧನೆಯೇ ಇದೆ.

ಆದರೆ ಸೂತ್ರಕ್ಕೆ ಎರಡು ಷರತ್ತು. 30 ಮತ್ತು 34ರ ಬದಿಗಳು ಸಮಾಂತರವಿರಬೇಕು, 40 ಅನ್ನುವುದು ಅವುಗಳ ನಡುವಿನ ಲಂಬದೂರ ಆಗಿರಬೇಕು, ಓರೆಯಾಗಿ ಹೋದ ಬದಿಯ ಉದ್ದವಲ್ಲ. ಬ್ರೋಕರು ಟೇಪು ಎಳೆಯುವುದು ಬದಿಯಗುಂಟ.

ನನ್ನ ನೆಂಟರೊಬ್ಬರು 30 × 40 ಎಂದು ಮಾತಾಡಿ ಅಡ್ವಾನ್ಸ್ ಕೊಡಲು ಹೊರಟಿದ್ದರು. ಎದುರು ಬದಿಗಳನ್ನು ಅಳೆದರೆ 30, 30, 40, 40. ಎಲ್ಲ ಸಮ. ಎರಡೂ ಜೋಡಿ ಸಮಾಂತರವೂ ಹೌದು. ‘ಇನ್ನೇನು ಅಳೆಯೋದು ಮೇಷ್ಟ್ರೇ, ಬಿಸಿಲು’ ಅಂದ ಬ್ರೋಕರು. ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಸಿದೆ. ಆಯತವಾಗಿದ್ದರೆ ಎರಡೂ ಕರ್ಣ 50 ಅಡಿ ಬರಬೇಕು. ಒಂದು ಸುಮಾರು 56 ಬಂತು, ಇನ್ನೊಂದು 43. ಸೈಟು ವಾಲಿಕೊಂಡ ಸಮಾಂತರ ಚತುರ್ಭುಜ. ಒಂದು ಮೂಲೆ 75° ಆಸುಪಾಸು. ವಿಸ್ತೀರ್ಣ 1,200 ಅಲ್ಲ, ಸುಮಾರು 1,159. ನಲವತ್ತೊಂದು ಚದರ ಅಡಿ ಎಂದರೆ ಒಂದು ಬಚ್ಚಲುಮನೆ. ದರ ಇಳಿಯಿತು.

ಮನೆ ಕಟ್ಟುವ ಮೇಸ್ತ್ರಿಗಳು, ಬಾಗಿಲ ಚೌಕಟ್ಟು ಮಾಡುವ ಬಡಗಿಗಳು ಕರ್ಣ ಹಿಡಿಯದೆ ಮುಂದಿನ ಕೆಲಸಕ್ಕೆ ಹೋಗುವುದಿಲ್ಲ. ಭಾಸ್ಕರಾಚಾರ್ಯ 1150ರ ‘ಲೀಲಾವತಿ’ಯಲ್ಲಿ ಈ ವಿಷಯಕ್ಕೆ ಸಿಟ್ಟೇ ಮಾಡಿಕೊಂಡಿದ್ದಾನೆ. ಕರ್ಣವನ್ನೋ ಲಂಬವನ್ನೋ ಹೇಳದೆ ಬರೀ ನಾಲ್ಕು ಬಾಹು ಕೊಟ್ಟು ವಿಸ್ತೀರ್ಣ ಕೇಳುವವನನ್ನು ಪಿಶಾಚಿಗೆ ಹೋಲಿಸಿ, ಉತ್ತರ ಹೇಳಲು ಹೋಗುವವನು ಅವನಿಗಿಂತ ಕಡೆ ಎಂದಿದ್ದಾನೆ. ಬ್ರೋಕರಿಗೆ ಇದನ್ನು ಹೇಳಲಿಲ್ಲ, ಬಿಸಿಲಿತ್ತು.

15. ಎಳೆಯುವಾಗ ಮೂಲೆಮಟ್ಟ ಜಾರಿಸಿ, ನೋಡುವಾಗ ಚುಕ್ಕಿ ಎಣಿಸಿ

ಸಮಾಂತರ ರೇಖೆ ಎಳೆಯಲು ಜಾಮಿಟ್ರಿ ಬಾಕ್ಸಿನ ಮೂಲೆಮಟ್ಟವನ್ನು ಸ್ಕೇಲಿಗೆ ಒತ್ತಿ ಜಾರಿಸಿ. ಸ್ಕೇಲನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯಿರಿ, ಅಲ್ಲಾಡಿದರೆ ಹೋಯಿತು. ಎಳೆದ ಮೇಲೆ ಓರೆ ಕಾಣಿಸಿದರೆ ಗಾಬರಿಯಾಗಿ ಅಳಿಸಬೇಡಿ. 1860ರಲ್ಲಿ ಜರ್ಮನಿಯ ಖಗೋಳಶಾಸ್ತ್ರಜ್ಞ ಜೋಲ್ನರ್ ಒಂದು ಬಟ್ಟೆಯ ವಿನ್ಯಾಸದಲ್ಲಿ ಕಂಡದ್ದು ಇದೇ: ಸಮಾಂತರ ಗೆರೆಗಳ ಮೇಲೆ ಓರೆ ಗೀಟುಗಳನ್ನು ಎಳೆದರೆ ಗೆರೆಗಳೇ ವಾಲಿದಂತೆ ಕಾಣುತ್ತವೆ.

ಹೋದ ಸಂಕ್ರಾಂತಿಗೆ ನಮ್ಮ ಎದುರುಮನೆಯ ಒಂಬತ್ತನೇ ತರಗತಿಯ ಹುಡುಗಿ ಬಾಗಿಲಿಗೆ ಏಳು ಚುಕ್ಕಿಯಿಂದ ನಾಲ್ಕರವರೆಗಿನ ಸಂದು ಚುಕ್ಕಿಯ ರಂಗೋಲಿ ಇಟ್ಟಳು. ಸಾಲುಗಳು 4, 5, 6, 7, 6, 5, 4. ಒಟ್ಟು 37 ಚುಕ್ಕಿ. ಹೊರಗಿನ ಚುಕ್ಕಿಗಳನ್ನು ಸೇರಿಸಿದರೆ ಷಡ್ಭುಜ. ಆದರೆ ಸಾಲು ಸಾಲಿನ ನಡುವೆ ಜಾಗ ಜಾಸ್ತಿ ಬಿಟ್ಟಿದ್ದಳು, ಷಡ್ಭುಜ ಮೇಲೆ ಕೆಳಗೆ ಹಿಡಿದೆಳೆದ ಹಾಗೆ ಉದ್ದವಾಗಿತ್ತು.

‘ಮೇಷ್ಟ್ರೇ, ಕೆಟ್ಟುಹೋಯ್ತು. ಅಳಿಸಿ ಇನ್ನೊಂದ್ಸಲ ಇಡ್ತೀನಿ.’

‘ಎಡಗಡೆ ಮೇಲಿನ ಗೆರೆ ನೋಡು. ಒಂದು ಸಾಲು ಕೆಳಗಿಳಿಯೋಕೆ ಎಷ್ಟು ಪಕ್ಕಕ್ಕೆ ಹೋಗಿದೆ?’

‘ಅರ್ಧ ಚುಕ್ಕಿ.’

‘ಬಲಗಡೆ ಕೆಳಗಿನದು?’

ಅವಳು ಬಗ್ಗಿ ಬೆರಳಿಟ್ಟು ಎಣಿಸಿದಳು. ‘ಅದೂ ಅರ್ಧ ಚುಕ್ಕಿ. ಅದೇ ಕಡೆಗೆ.’ ಇನ್ನೆರಡು ಗೆರೆಗಳನ್ನು ತಾನೇ ನೋಡಿದಳು. ‘ಹಾಗಾದ್ರೆ ಇದು ನಿಯಮಿತ ಅಲ್ಲ, ಆದ್ರೂ ಮೂರು ಜೋಡಿ ಇದೆ.’

ಒಳಗಿಂದ ಅವಳಮ್ಮ ಕೂಗಿದರು, ಎಳ್ಳು ಬೀರೋಕೆ ಹೊತ್ತಾಯ್ತು ಅಂತ. ಹುಡುಗಿ ನಡುವಿನ ಏಳು ಚುಕ್ಕಿಯ ಸಾಲಿನ ಮೇಲೆ ಅರಿಶಿನದ ಪುಡಿ ಹಾಕತೊಡಗಿದಳು.